ನೀಟ್ ಮುಗಿಯಿತು, ಬೇಸಿಗೆ ಶಿಬಿರದ ಕೆಲಸಕ್ಕೆ ಸೇರಿಕೊಳ್ಳಲಾ?

ವಿಜಯನಗರದ ಹುಡುಗಿ · ಮೇ 6, 2025

ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾನುವಾರ ನೀಟ್ ಬರೆದೆ. ನಮ್ಮೂರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಅಲ್ಲೇ ಕನ್ನಡ ಮೀಡಿಯಂನಲ್ಲಿ ಓದಿದೆ. ಪಿಯುಸಿಗೆ ಬೆಂಗಳೂರಿಗೆ ಬಂದು ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಪರೀಕ್ಷೆಯಲ್ಲಿ ಬಯಾಲಜಿ ಚೆನ್ನಾಗಿ ಆಯಿತು. ಫಿಸಿಕ್ಸ್ ಬಹಳ ಕಷ್ಟ ಇತ್ತು. ರಿಸಲ್ಟ್ ಜೂನ್ 14ರ ಹೊತ್ತಿಗೆ ಅಂತ ಹೇಳಿದ್ದಾರೆ.

ನಮ್ಮ ಮನೆ ಹತ್ತಿರ ಮಕ್ಕಳ ಬೇಸಿಗೆ ಶಿಬಿರ ನಡೆಯುತ್ತಿದೆ. ಆರರಿಂದ ಹದಿಮೂರು ವರ್ಷದ ಮಕ್ಕಳು. ನಾಟಕ, ಹಾಡು, ಮಣ್ಣಿನ ಕೆಲಸ, ಆಟ. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕಂತೆ. ದಿನಕ್ಕೆ ₹500. ಅಪ್ಪ ಬೇಡ ಅನ್ನುತ್ತಾರೆ. ಸೀಟು ಸಿಗದಿದ್ದರೆ ಮತ್ತೆ ಬರೆಯಬೇಕಲ್ಲ, ಈಗಿಂದಲೇ ಓದು ಅಂತ. ಚಿಕ್ಕಮ್ಮ ಸುಮ್ನೆ ನಿದ್ದೆ ಮಾಡು ಅನ್ನುತ್ತಾರೆ. ನನಗೆ ಹೋಗುವ ಆಸೆ ಇದೆ. ಡಾಕ್ಟರ್ ಆಗಬೇಕು ಅನ್ನುವವಳಿಗೆ ಈ ಕೆಲಸದಿಂದ ಏನಾದರೂ ಉಪಯೋಗ ಇದೆಯಾ? ಅಡ್ಮಿಶನ್‌ಗೆ ಇದು ಲೆಕ್ಕಕ್ಕೆ ಬರುತ್ತದಾ?

ಮಲ್ಲೇಶ್ವರಂ ಅಪ್ಪ · ಮೇ 6

ಅಡ್ಮಿಶನ್ ವಿಷಯ ಮೊದಲು ಹೇಳಿಬಿಡುತ್ತೇನೆ ಮಗಳೇ. ಒಂದು ಅಂಕವೂ ಸಿಗುವುದಿಲ್ಲ. ನಮ್ಮಲ್ಲಿ ಎಂಬಿಬಿಎಸ್ ಸೀಟು ನೀಟ್ ರ‍್ಯಾಂಕ್ ಮತ್ತು ಮೀಸಲಾತಿ ಮೇಲೆ ಹಂಚಿಕೆ ಆಗುವುದು. ಸಂದರ್ಶನ ಇಲ್ಲ, ಅನುಭವ ಪತ್ರ ಕೇಳುವವರಿಲ್ಲ. 180 ಪ್ರಶ್ನೆ, 720 ಅಂಕ, ಅಷ್ಟೇ. ಶಿಬಿರದವರು ಕೊಡುವ ಸರ್ಟಿಫಿಕೇಟನ್ನು ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಚೇರಿಯಲ್ಲಿ ಯಾರೂ ತಿರುಗಿಸಿ ಕೂಡ ನೋಡುವುದಿಲ್ಲ.

ಆದರೆ ನೀನು ಬರೆದದ್ದರಲ್ಲಿ ಅದಕ್ಕಿಂತ ಮುಖ್ಯವಾದದ್ದು ಇದೆ. ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ, ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ ಅಂದೆ. ರಾಜ್ಯದ ಕೋಟಾದಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲು ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಶಾಲೆಯವರು ಕೊಟ್ಟದ್ದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಆಗಬೇಕು. ಪ್ರೈಮರಿ, ಹೈಸ್ಕೂಲು ಬೇರೆ ಬೇರೆ ಆಗಿದ್ದರೆ ಎರಡೂ ಕಡೆಯಿಂದ ತರಬೇಕು. ಶಿಬಿರಕ್ಕೆ ಹೋಗು, ಬೇಡ ಅನ್ನುವುದಿಲ್ಲ. ಆದರೆ ಊರಿಗೆ ಹೋಗಿ ಈ ಕಾಗದ ಮಾಡಿಸಿಕೊಳ್ಳಲು ರಜೆ ಬೇಕು ಅಂತ ಮೊದಲ ದಿನವೇ ಅವರಿಗೆ ಹೇಳಿಬಿಡು.

ಮೊದಲು ಓದು · ಮೇ 7

ನಿಮ್ಮ ಅಪ್ಪ ಹೇಳುವುದೇ ಸರಿ ಅಂತ ನನ್ನ ಅಭಿಪ್ರಾಯ. ನನ್ನ ಮಗಳು ಮೊದಲ ಸಲ ಬರೆದ ಮೇಲೆ ರಿಸಲ್ಟ್ ಬರಲಿ ಅಂತ ಕಾದೆವು. ಆಮೇಲೆ ಕೌನ್ಸೆಲಿಂಗ್ ಶುರುವಾಗಲಿ ಅಂತ ಕಾದೆವು. ಸೀಟು ಇಲ್ಲ ಅಂತ ಖಾತ್ರಿ ಆಗುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಕೆಮಿಸ್ಟ್ರಿ ಪೂರ್ತಿ ಮರೆತಿದ್ದಳು. ಎರಡನೇ ಸಲಕ್ಕೆ ಸಿಕ್ಕಿತು, ಆದರೆ ಆ ವರ್ಷ ಮನೆಯಲ್ಲಿ ಎಲ್ಲರೂ ಎಷ್ಟು ಕಷ್ಟಪಟ್ಟೆವು ಅಂತ ನಮಗೇ ಗೊತ್ತು. ಮಕ್ಕಳ ಜೊತೆ ಆಡುವುದು ಡಾಕ್ಟರ್ ಆದ ಮೇಲೂ ಇರುತ್ತದೆ. ಓದಿನ ಅಭ್ಯಾಸ ಒಮ್ಮೆ ತಪ್ಪಿದರೆ ಮತ್ತೆ ಕೂರುವುದು ಬಹಳ ಕಷ್ಟ.

ವಾಣಿವಿಲಾಸ ವಾರ್ಡ್ · ಮೇ 7

ನಾನು ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಮೂರನೇ ವರ್ಷ. ಮಕ್ಕಳ ವಿಭಾಗದ ಪೋಸ್ಟಿಂಗ್ ಈಗಷ್ಟೇ ಮುಗಿಯಿತು.

ತಂಗಿ, ಹೋಗು. ಕಾರಣ ಹೇಳುತ್ತೇನೆ. ವಾರ್ಡಿನಲ್ಲಿ ನಮ್ಮ ಬ್ಯಾಚಿನ ಬಹಳ ಜನಕ್ಕೆ ಪುಸ್ತಕದಲ್ಲಿ ಇರುವುದೆಲ್ಲ ಗೊತ್ತಿತ್ತು. ಮಗುವಿನ ಹತ್ತಿರ ಹೋಗುವುದು ಗೊತ್ತಿರಲಿಲ್ಲ. ಸ್ಟೆತಸ್ಕೋಪ್ ಹಿಡಿದು ನೇರ ಎದುರಿಗೆ ನಿಂತರೆ ನಾಲ್ಕು ವರ್ಷದ ಮಗು ಕಿರುಚಿಕೊಳ್ಳುತ್ತದೆ. ಅತ್ತ ಮೇಲೆ ಎದೆಯ ಸದ್ದು ಕೇಳಿಸುವುದಿಲ್ಲ, ಹೊಟ್ಟೆ ಬಿಗಿಯಾಗುತ್ತದೆ, ಉಸಿರಿನ ಎಣಿಕೆ ತಪ್ಪುತ್ತದೆ. ನಮ್ಮ ಮೇಡಂ ಮೊದಲು ತಾಯಿಯ ಜೊತೆ ಮಾತಾಡಿಕೊಂಡು ಕೂರುತ್ತಿದ್ದರು, ಮಗುವಿನ ಕಡೆ ನೋಡುತ್ತಲೂ ಇರಲಿಲ್ಲ. ಮಡಿಲಲ್ಲಿ ಇರುವಾಗಲೇ ಉಸಿರು ಎಣಿಸಿ ಮುಗಿಸುತ್ತಿದ್ದರು. ಕಿವಿ, ಗಂಟಲು ನೋಡುವುದು ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಮಕ್ಕಳಿಗೆ ಅದು ಇಷ್ಟ ಇಲ್ಲ. ಇದನ್ನೆಲ್ಲ ಕಲಿಯಲು ನನಗೆ ಬಹಳ ಕಾಲ ಬೇಕಾಯಿತು. ದಿನವಿಡೀ ಮಕ್ಕಳ ನಡುವೆ ಇದ್ದವರಿಗೆ ಬೇಗ ಬರುತ್ತದೆ.

2019ರಲ್ಲಿ ಸಿಲಬಸ್ ಬದಲಾದಾಗಿಂದ ರೋಗಿಯ ಜೊತೆ ಮಾತಾಡುವುದು ನಮಗೆ ಪಾಠವಾಗಿಯೇ ಇದೆ. ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಹೊರಗಿನವರಿಗೆ ಸ್ಥಳೀಯ ಭಾಷೆಯನ್ನೂ ಕಲಿಸುತ್ತಾರೆ. ನಿನಗೆ ಕನ್ನಡ ಬರುತ್ತದೆ, ಅದೇ ದೊಡ್ಡ ಬಲ. ಉಳಿದದ್ದನ್ನು ಶಿಬಿರದಲ್ಲಿ ಕಲಿತುಕೋ.

ಜೆರ್ಸಿ ಚಿಕ್ಕಮ್ಮ · ಮೇ 7

ನಾನಿರುವುದು ಅಮೆರಿಕದಲ್ಲಿ. ಇಲ್ಲಿ ಇದು ಪೂರ್ತಿ ಉಲ್ಟಾ. ಅಕ್ಕನ ಮಗಳು ಸಮ್ಮರ್ ಕ್ಯಾಂಪಿನಲ್ಲಿ ಕೆಲಸ ಮಾಡಿಕೊಂಡೇ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದಳು. ಇಲ್ಲಿ ಸಾಮಾನ್ಯವಾಗಿ ಪಿಯುಸಿ ಆದ ಮೇಲೆ ನೇರ ಹೋಗುವ ಹಾಗಿಲ್ಲ, ನಾಲ್ಕು ವರ್ಷದ ಡಿಗ್ರಿ ಮಾಡಿ, ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆದು, ಆಮೇಲೆ ಅರ್ಜಿ. ಅರ್ಜಿಯಲ್ಲಿ 15 ಚಟುವಟಿಕೆಗಳವರೆಗೆ ಬರೆಯಬಹುದು, ಅದರಲ್ಲಿ ಮೂರರವರೆಗೆ ನನಗೆ ಬಹಳ ಮುಖ್ಯವಾದವು ಅಂತ ಆರಿಸಿ ವಿವರಿಸಬಹುದು. ಮೇ ಕೊನೆಯಲ್ಲಿ ಅರ್ಜಿ ಕಳಿಸಿದ ಮೇಲೆ ಜುಲೈ ಹೊತ್ತಿಗೆ ಒಂದೊಂದು ಕಾಲೇಜಿನಿಂದಲೂ ಬೇರೆ ಬೇರೆ ಪ್ರಬಂಧ ಕೇಳುತ್ತಾರೆ. ಅವಳು ಮಕ್ಕಳನ್ನು ಮಲಗಿಸಿ, ರಾತ್ರಿ ಕ್ಯಾಂಪಿನ ಊಟದ ಹಾಲಿನಲ್ಲಿ ಕೂತು ಅವನ್ನು ಬರೆಯುತ್ತಿದ್ದಳು. ಮನೆ ಬಿಟ್ಟು ಬಂದ ಮಕ್ಕಳು ರಾತ್ರಿ ಅಳುವುದನ್ನು ಸಮಾಧಾನ ಮಾಡಿದ ಬಗ್ಗೆಯೇ ಅವಳ ಮುಖ್ಯ ಪ್ರಬಂಧ ಇತ್ತು. ಸಂದರ್ಶನದಲ್ಲೂ ಅದನ್ನೇ ಕೇಳಿದರಂತೆ.

ನಮ್ಮ ದೇಶದಲ್ಲಿ ಲಕ್ಷಾಂತರ ಮಕ್ಕಳು ಬರೆಯುತ್ತಾರೆ, ಎಲ್ಲರನ್ನೂ ಕೂರಿಸಿ ಮಾತಾಡಿಸಲು ಆಗುವುದಿಲ್ಲ, ಅದು ನನಗೂ ಅರ್ಥವಾಗುತ್ತದೆ. ಒಂದು ವಿಷಯದಲ್ಲಿ ನಿನ್ನ ಸ್ಥಿತಿಯೇ ವಾಸಿ. ಅರ್ಜಿಗೆ ಚೆನ್ನಾಗಿ ಕಾಣಲಿ ಅಂತ ನೀನು ಹೋಗುತ್ತಿಲ್ಲ. ಮಕ್ಕಳಿಗಾಗಿ ಹೋಗುತ್ತಿದ್ದೀಯ.

ಶಿಬಿರದ ಮೇಷ್ಟ್ರು · ಮೇ 7

ಬೇಸಿಗೆ ಶಿಬಿರ ನಡೆಸುವವನಾಗಿ ಎರಡು ಮಾತು. ಬೆಂಗಳೂರಿಗೆ ಇದು ಹೊಸದಲ್ಲ. ಕಬ್ಬನ್ ಪಾರ್ಕಿನ ಬಾಲಭವನದಲ್ಲಿ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ, ಜೆ.ಪಿ. ನಗರದ ರಂಗಶಂಕರದಲ್ಲಿ ಕಲಿತು ಬೆಳೆದ ಮಕ್ಕಳು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾರೆ. ಆದರೆ ಈಚೆಗೆ ಒಂದು ಹಾಲ್ ಬಾಡಿಗೆಗೆ ಹಿಡಿದು ಬೋರ್ಡ್ ಹಾಕಿದರೆ ಅದೂ ಶಿಬಿರವೇ ಅನ್ನುವ ಹಾಗಾಗಿದೆ. ಹಾಗಾಗಿ ಸೇರುವ ಮೊದಲು ಹೋಗಿ ನೋಡು.

ಪ್ರತಿ ಮಗುವಿಗೂ ಒಂದು ಚೀಟಿ ಇದೆಯಾ ಕೇಳು. ಯಾವ ಔಷಧ ತೆಗೆದುಕೊಳ್ಳುತ್ತದೆ, ಏನು ತಿಂದರೆ ಆಗುವುದಿಲ್ಲ, ಹಿಂದೆ ಫಿಟ್ಸ್ ಬಂದಿದೆಯಾ, ಅಪ್ಪ ಅಮ್ಮ ಫೋನ್ ಎತ್ತದಿದ್ದರೆ ಯಾರಿಗೆ ಹೇಳಬೇಕು. ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಅನ್ನುವುದೂ ಅದರಲ್ಲಿ ಇರಬೇಕು. ಹತ್ತಿರದ ಆಸ್ಪತ್ರೆ ಯಾವುದು, ಹೋಗಲು ಗಾಡಿ ಇದೆಯಾ ಕೇಳು. ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು ಅನ್ನುವ ನಿಯಮ ಇಲ್ಲದ ಕಡೆ ಸೇರಲೇಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ 2012ರಿಂದ ಇದೆ. ಮಗು ಏನಾದರೂ ಹೇಳಿಕೊಂಡರೆ ಅದನ್ನು ಮುಚ್ಚಿಡುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098. ಮಕ್ಕಳ ಫೋಟೋ ನಿನ್ನ ಫೋನಿನಲ್ಲಿ ತೆಗೆಯಬೇಡ. ಇನ್ನು ದುಡ್ಡು, ಅದು ವಾರಕ್ಕೊಮ್ಮೆ ಕೈಗೆ ಬರಲಿ. ಕೊನೆಗೆ ಒಟ್ಟಿಗೆ ಕೊಡುತ್ತೇವೆ ಅಂದರೆ ಒಪ್ಪಬೇಡ.

ವಿಜಯನಗರದ ಹುಡುಗಿ · ಮೇ 8

ಹೋಗಿ ನೋಡಿ ಬಂದೆ. ಚೀಟಿ ಇದೆ, ಪ್ರತಿ ಗುಂಪಿಗೆ ಇಬ್ಬರು ದೊಡ್ಡವರು ಇರುತ್ತಾರೆ. ಸೇರಿಕೊಂಡೆ. ಅಪ್ಪನಿಗೆ ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಫಿಸಿಕ್ಸ್ ಓದುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಊರಿಗೆ ಹೋಗಲು ರಜೆಯನ್ನೂ ಕೇಳಿಕೊಂಡೆ, ಕೊಡುತ್ತಾರೆ. ಎಲ್ಲರಿಗೂ ಥ್ಯಾಂಕ್ಸ್.

ಸಿಸ್ಟರ್, ಬಸವೇಶ್ವರನಗರ · ಮೇ 8

ನಾನು ನರ್ಸ್. ಫಸ್ಟ್ ಏಡ್ ಡಬ್ಬಿ ತೆರೆದು ನೋಡಿದೆಯಾ? ಬಹಳ ಕಡೆ ಅದರಲ್ಲಿ ಒಣಗಿದ ಮುಲಾಮು, ಅಂಟು ಹೋದ ಪಟ್ಟಿ ಬಿಟ್ಟರೆ ಏನೂ ಇರುವುದಿಲ್ಲ. ಓಆರ್‌ಎಸ್ ಪ್ಯಾಕೆಟ್, ಗಾಜ್, ಗ್ಲೌಸ್, ಥರ್ಮಾಮೀಟರ್ ಇರಲೇಬೇಕು. ಅಪ್ಪ ಅಮ್ಮನಿಗೆ ಫೋನ್ ಮಾಡದೆ ಒಂದು ಮಾತ್ರೆಯನ್ನೂ ಕೊಡಬೇಡ, ಅವರಿವರು ಎಷ್ಟೇ ಹೇಳಲಿ. ಮಕ್ಕಳಿಗೆ ಆಸ್ಪಿರಿನ್ ಅಂತೂ ಕೂಡದು.

ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುವುದು ಮೇ ತಿಂಗಳಲ್ಲಿ ಸಾಮಾನ್ಯ. ತಲೆ ಹಿಂದಕ್ಕೆ ಬಗ್ಗಿಸುವವರೇ ಜಾಸ್ತಿ. ಹಾಗೆ ಮಾಡಿದರೆ ರಕ್ತ ಗಂಟಲಿಗೆ ಇಳಿದು ಮಗು ವಾಂತಿ ಮಾಡುತ್ತದೆ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತಗಿನ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿ. ನಿಂತಿತಾ ಅಂತ ನಡುವೆ ಬಿಟ್ಟು ನೋಡಬೇಡ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸು, ಗಡಿಯಾರ ನೋಡು, ಬಾಯಿಗೆ ಏನೂ ಹಾಕಬೇಡ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಯಾವುದೂ ಬೇಡ. ಐದು ನಿಮಿಷ ದಾಟುವ ಹಾಗಿದ್ದರೆ 108.

ವಿಜಯನಗರದ ಹುಡುಗಿ · ಮೇ 16

ಒಂದು ವಾರ ಆಯಿತು. ಉದ್ದ ಬರೆಯುತ್ತಿದ್ದೇನೆ, ಕ್ಷಮೆ ಇರಲಿ.

ನನ್ನ ಗುಂಪಿನಲ್ಲಿರುವುದು ಚಿಕ್ಕವರು, ಆರೇಳು ವರ್ಷದವರು. ಬಂದ ತಕ್ಷಣ ಹಾಡು, ಆಮೇಲೆ ಲಗೋರಿ ಅಥವಾ ಕುಂಟೆಬಿಲ್ಲೆ, ಹನ್ನೊಂದಕ್ಕೆ ಮಜ್ಜಿಗೆ, ಆಮೇಲೆ ಮಣ್ಣಿನ ಕೆಲಸ. ಅದರಲ್ಲಿ ಏಳು ವರ್ಷದ ಒಬ್ಬ ಹುಡುಗ ದಿನಾ ಮಜ್ಜಿಗೆ ಹೊತ್ತಿಗೆ ಹೊಟ್ಟೆನೋವು ಅನ್ನುತ್ತಿದ್ದ. ಮಜ್ಜಿಗೆ ಮುಟ್ಟುತ್ತಿರಲಿಲ್ಲ. ಎಲ್ಲರೂ ಅಮ್ಮ ಬೇಕು ಅಂತ ನೆಪ ಹೇಳುತ್ತಾನೆ ಅಂದರು. ನಾನು ಇಲ್ಲಿ ಖಾಸಗಿಯಾಗಿ ಮೆಸೇಜ್ ಮಾಡಿ ವಾಣಿವಿಲಾಸದ ಅಕ್ಕನನ್ನು ಕೇಳಿದೆ. ಒಂದೇ ಬೆರಳಲ್ಲಿ ತೋರಿಸು ಅಂತ ಹೇಳು, ಆಮೇಲೆ ಕುಣಿಯಲು ಹೇಳು, ಅವನು ಏನು ಮಾಡುತ್ತಾನೆ ಏನು ಮಾಡುವುದಿಲ್ಲ ಎರಡನ್ನೂ ನೋಡು ಅಂದರು. ಅವನು ಹೊಕ್ಕುಳ ಕೆಳಗೆ ತೋರಿಸಿದ. ಕುಣಿದ, ಆದರೆ ಕಾಲು ಒತ್ತಿಕೊಂಡೇ ಕುಣಿದ.

ಆಗ ಹೊಳೆಯಿತು. ಬೆಳಗ್ಗೆಯಿಂದ ಅವನು ಟಾಯ್ಲೆಟ್ಟಿಗೆ ಹೋದದ್ದನ್ನು ಯಾರೂ ನೋಡಿರಲಿಲ್ಲ. ಹೋಗಿ ನೋಡಿದರೆ ಅಲ್ಲಿ ಕಿಟಕಿ ಇಲ್ಲ. ಲೈಟಿನ ಸ್ವಿಚ್ಚು ಅವನಿಗೆ ಎಟುಕುವುದಿಲ್ಲ. ಚಿಲಕ ಗಟ್ಟಿ, ಒಮ್ಮೆ ಹಾಕಿದರೆ ಅವನ ಕೈಯಲ್ಲಿ ತೆಗೆಯಲು ಆಗುವುದಿಲ್ಲ. ಹೆದರಿಕೊಂಡು ಕಟ್ಟಿಕೊಳ್ಳುತ್ತಿದ್ದ. ಮತ್ತೆ ಬರದಿರಲಿ ಅಂತ ನೀರೂ ಮಜ್ಜಿಗೆಯೂ ಬಿಟ್ಟಿದ್ದ. ಈ ಬಿಸಿಲಲ್ಲಿ! ನಮ್ಮ ಶಿಬಿರ ನಡೆಸುವ ಮೇಷ್ಟ್ರಿಗೆ ಹೇಳಿದೆ, ಅವತ್ತೇ ಚಿಲಕ ತೆಗೆಸಿ ಹೊರಗೆ ಕೆಂಪು ಹಸಿರು ಕಾರ್ಡು ನೇತುಹಾಕಿದರು, ಲೈಟು ಹಗಲಿಡೀ ಉರಿಯುತ್ತದೆ. ಈಗ ಗಂಟೆಗೊಮ್ಮೆ ಎಲ್ಲ ಚಿಕ್ಕವರನ್ನೂ ಸಾಲಾಗಿ ಕರೆದುಕೊಂಡು ಹೋಗುತ್ತೇವೆ. ಗೊತ್ತಾ, ಅವನೊಬ್ಬನೇ ಅಲ್ಲ. ಹುಡುಗಿಯರಲ್ಲೂ ಎಷ್ಟೋ ಜನ ನೀರು ಕುಡಿಯದೆ ಕೂರುತ್ತಿದ್ದರು.

ಇನ್ನೊಂದು. ಹತ್ತು ವರ್ಷದ ಒಬ್ಬಳಿಗೆ ಉಬ್ಬಸ ಇದೆ. ರಂಗದ ಪರದೆ ಕೊಡವಿದಾಗ ಧೂಳೆದ್ದು ಉಸಿರು ಕಟ್ಟಿತು. ಮಾತಾಡುತ್ತಿದ್ದವಳು ಎರಡು ಪದಕ್ಕೊಮ್ಮೆ ನಿಲ್ಲಿಸುತ್ತಿದ್ದಳು. ನಮ್ಮಲ್ಲಿ ಇನ್‌ಹೇಲರ್ ಇರುವ ಮಕ್ಕಳ ಚೀಲ ಬಾಗಿಲ ಪಕ್ಕದ ಮೊಳೆಯಲ್ಲೇ ಹೆಸರು ಬರೆದು ನೇತುಹಾಕಿರುತ್ತಾರೆ, ಅದಕ್ಕೆ ಸೇರಿಸುವ ಕೊಳವೆ, ಸ್ಪೇಸರ್, ಜೊತೆಗೇ. ಹುಡುಕುವ ಪ್ರಶ್ನೆಯೇ ಬರಲಿಲ್ಲ. ಅವಳೇ ತೆಗೆದುಕೊಂಡಳು, ನಾನು ಪಕ್ಕದಲ್ಲಿ ಕೂತು ನಿಧಾನ, ನಿಧಾನ ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೊದಲಿನ ಹಾಗೆ ಜಗಳ ಆಡಲು ಶುರು ಮಾಡಿದಳು. ಅವಳ ಅಮ್ಮನಿಗೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದೆ.

ಬಯಾಲಜಿಯಲ್ಲಿ ಬ್ರಾಂಕಿಯೋಲ್ ಚಿತ್ರ ಎಷ್ಟು ಸಲ ಬರೆದಿಲ್ಲ ನಾನು! ಅವಳ ಭುಜ ಮೇಲೆ ಕೆಳಗೆ ಆಗುವುದನ್ನು ನೋಡಿದ ಮೇಲೆ ಆ ಪಾಠ ಬೇರೆಯೇ ಆಗಿ ಕಾಣಿಸುತ್ತಿದೆ.

ವಾಣಿವಿಲಾಸ ವಾರ್ಡ್ · ಮೇ 16

ತಂಗಿ, ಇದನ್ನೇ ನಾವು ವಾರ್ಡಿನಲ್ಲಿ ಹಿಸ್ಟರಿ ಅನ್ನುವುದು. ಏನು ಕೇಳಬೇಕು ಅನ್ನುವುದಕ್ಕಿಂತ ಎಲ್ಲಿ ನೋಡಬೇಕು ಅನ್ನುವುದು ಮುಖ್ಯ. ನೀನು ಎದ್ದು ಹೋಗಿ ಟಾಯ್ಲೆಟ್ ನೋಡಿದೆಯಲ್ಲ, ಅದು.

ಓದುವ ಉಳಿದವರಿಗೂ ಒಂದು ಎಚ್ಚರಿಕೆ. ಮಕ್ಕಳ ಹೊಟ್ಟೆನೋವು ಬಹಳ ಸಲ ಗಂಭೀರ ಇರುವುದಿಲ್ಲ, ನಿಜ. ಆದರೆ ಅಪೆಂಡಿಕ್ಸ್ ನೋವು ಕೂಡ ಹೊಕ್ಕುಳ ಸುತ್ತಲೇ ಶುರುವಾಗಿ ಆಮೇಲೆ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಊಟ ಬೇಡ ಅನ್ನುವುದು, ವಾಂತಿ, ಜ್ವರ, ನಡೆಯುವಾಗ ಬಗ್ಗಿಕೊಳ್ಳುವುದು, ಕುಣಿ ಅಂದರೆ ಕುಣಿಯದಿರುವುದು ಇದ್ದರೆ ನೆಪ ಅಂತ ಕೂರಬೇಡಿ. ನೇರ ಆಸ್ಪತ್ರೆ.

ಸಿಸ್ಟರ್, ಬಸವೇಶ್ವರನಗರ · ಮೇ 17

ಮೂತ್ರ ಕಟ್ಟಿಕೊಳ್ಳುವ ಮಕ್ಕಳಿಗೆ ಸೋಂಕು ಬೇಗ ಆಗುತ್ತದೆ, ಮಲಬದ್ಧತೆಯೂ ಜೊತೆಗೆ ಬರುತ್ತದೆ. ಶಾಲೆಗಳಲ್ಲೂ ಇದೇ ಕಥೆ. ಆ ಹುಡುಗನ ಅಮ್ಮನಿಗೆ ಹೇಳು, ಜೂನ್‌ನಲ್ಲಿ ಶಾಲೆಯ ಟಾಯ್ಲೆಟ್ಟನ್ನೂ ಒಮ್ಮೆ ಹೋಗಿ ನೋಡಲಿ. ಉರಿ ಅಥವಾ ಜ್ವರ ಇದ್ದರೆ ಮೂತ್ರ ಪರೀಕ್ಷೆ ಮಾಡಿಸಲಿ.

ವಿಜಯನಗರದ ಹುಡುಗಿ · ಮೇ 19

ನಿನ್ನೆ ರಾತ್ರಿಯ ಮಳೆಗೆ ಇವತ್ತು ಮಕ್ಕಳು ಅರ್ಧಕ್ಕರ್ಧ ಬಂದಿಲ್ಲ. ಸಿಲ್ಕ್ ಬೋರ್ಡ್ ಕಡೆಯಿಂದ ಬರುವ ನಮ್ಮ ಹಾಡಿನ ಮೇಡಂ ಕೂಡ ಇಲ್ಲ. ಬಂದವರಿಗೆ ಚೌಕಾಬಾರ ಹೇಳಿಕೊಟ್ಟೆ. ಸಿಕ್ಕ ಹೊತ್ತಿನಲ್ಲಿ ಕಾಗದಗಳನ್ನು ತೆಗೆದು ನೋಡಿದರೆ ಜಾತಿ-ಆದಾಯ ಪತ್ರ ನಾನು ಏಳನೇ ಕ್ಲಾಸಲ್ಲಿ ಮಾಡಿಸಿದ್ದು. ನಡೆಯುತ್ತದಾ?

ಮಲ್ಲೇಶ್ವರಂ ಅಪ್ಪ · ಮೇ 19

ಅವಧಿ ಐದು ವರ್ಷ. ಮುಗಿದಿದ್ದರೆ ನಾಡಕಚೇರಿಯಲ್ಲಿ ಈಗಲೇ ಹೊಸದಕ್ಕೆ ಹಾಕು. ಕೆಇಎ ಅರ್ಜಿಯಲ್ಲಿ ಕೇಳುವುದು ಆ ಪತ್ರದ ಆರ್‌ಡಿ ಸಂಖ್ಯೆ. ಅದರಲ್ಲಿ ನಿನ್ನ ಹೆಸರು, ಇನಿಶಿಯಲ್ ಸಮೇತ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗೇ ಇದೆಯಾ ನೋಡಿಕೋ. ಬಿಇಒ ಸಹಿಯನ್ನೂ ಅದೇ ಸಲ ಮುಗಿಸು. ಮೇ 29ಕ್ಕೆ ಶಾಲೆ ಶುರು. ಈಗ ರಜೆ, ಹೆಡ್‌ಮಾಸ್ಟರು ಇರುತ್ತಾರಾ ಅಂತ ಫೋನ್ ಮಾಡಿ ಕೇಳಿಕೊಂಡೇ ಬಸ್ ಹತ್ತು.

ಮೊದಲು ಓದು · ಮೇ 20

ನಿಮ್ಮ 16ರ ಬರಹವನ್ನು ನನ್ನ ಮಗಳಿಗೆ ಓದಿ ಹೇಳಿದೆ. ಅವಳೀಗ ಎರಡನೇ ವರ್ಷದ ಎಂಬಿಬಿಎಸ್. ಆ ಹುಡುಗನ ವಿಷಯ ಕೇಳಿ ಬಹಳ ಖುಷಿಪಟ್ಟಳು. ನನ್ನ ಅಭಿಪ್ರಾಯ ಈಗಲೂ ಅದೇ, ಬೆಳಗ್ಗೆಯ ಫಿಸಿಕ್ಸ್ ಬಿಡಬೇಡಿ. ಆದರೆ ನೀವು ಅಲ್ಲಿಗೆ ಹೋದದ್ದು ಒಳ್ಳೆಯದಾಯಿತು.

ವಿಜಯನಗರದ ಹುಡುಗಿ · ಮೇ 28

ನಿನ್ನೆ ಶಿಬಿರ ಮುಗಿಯಿತು. ಮಕ್ಕಳ ನಾಟಕ ಆಯಿತು, ದುಡ್ಡು ಪೂರ್ತಿ ಬಂತು. ಅದರಲ್ಲೇ ಊರಿಗೆ ಓಡಾಡಿದ ಖರ್ಚು, ಜೆರಾಕ್ಸ್, ಎಲ್ಲ ಕಳೆಯಿತು. ಅಪ್ಪನ ಹತ್ತಿರ ಕೇಳಬೇಕಾಗಲಿಲ್ಲ. ಸಹಿ ಆಗಿದೆ, ಆರ್‌ಡಿ ಸಂಖ್ಯೆ ಬಂದಿದೆ. ಫಿಸಿಕ್ಸ್‌ನಲ್ಲಿ ಕರೆಂಟ್ ಎಲೆಕ್ಟ್ರಿಸಿಟಿವರೆಗೆ ಮತ್ತೆ ನೋಡಿದ್ದೇನೆ.

ಮೇಷ್ಟ್ರು ದಸರಾ ರಜೆಯ ಶಿಬಿರಕ್ಕೂ ಬಾ ಅಂದಿದ್ದಾರೆ. ಅಷ್ಟರಲ್ಲಿ ನಾನು ಎಲ್ಲಿರುತ್ತೇನೋ. ಮಕ್ಕಳ ಚೀಟಿಯಲ್ಲಿ ಒಂದು ಪ್ರಶ್ನೆ ಸೇರಿಸಿ ಅಂತ ಕೇಳಿಕೊಂಡೆ, ಮಗು ಒಂಟಿಯಾಗಿ ಟಾಯ್ಲೆಟ್ಟಿಗೆ ಹೋಗುತ್ತದಾ ಅಂತ. ಸೇರಿಸುತ್ತಾರಂತೆ.

ವಿಜಯನಗರದ ಹುಡುಗಿ · ಜೂನ್ 15

ರಿಸಲ್ಟ್ ಬಂತು. ಅಂಕ ಇಲ್ಲಿ ಬರೆಯಲ್ಲ. ಗ್ರಾಮೀಣ ಮತ್ತು ಕನ್ನಡ ಮೀಡಿಯಂ ಲೆಕ್ಕ ಸೇರಿದರೆ ಸರಕಾರಿ ಸೀಟು ಸಿಗಬಹುದು, ಬೆಂಗಳೂರಿನಲ್ಲಿ ಕಷ್ಟ ಅಂತ ಕಾಣುತ್ತದೆ. ಅಪ್ಪ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಅರ್ಹತಾ ಅಂಕ ಜನರಲ್‌ಗೆ 144 ಅಂತ ಪೇಪರಲ್ಲಿ ಬಂದದ್ದು ನೋಡಿ ಊರಲ್ಲಿ ಎಲ್ಲರೂ ಸೀಟು ಖಾತ್ರಿ ಅನ್ನುತ್ತಿದ್ದಾರಂತೆ.

ಮಲ್ಲೇಶ್ವರಂ ಅಪ್ಪ · ಜೂನ್ 15

ಬಹಳ ಸಂತೋಷ ಮಗಳೇ. ಊರಿನವರಿಗೆ ಹೇಳಿಬಿಡು, ಆ 144 ಕೌನ್ಸೆಲಿಂಗ್‌ಗೆ ಕೂರಲು ಬೇಕಾದ ಅಂಕ ಮಾತ್ರ. ಸರಕಾರಿ ಸೀಟಿನ ಅಂಕ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. 85% ಸೀಟು ರಾಜ್ಯದ್ದು, ಕೆಇಎ ಹಂಚುತ್ತದೆ. ಉಳಿದ 15% ಅಖಿಲ ಭಾರತ ಕೋಟಾ, ಅದಕ್ಕೆ ಕೇಂದ್ರದ ಕೌನ್ಸೆಲಿಂಗ್ ಸಮಿತಿ ಎಂಸಿಸಿಯಲ್ಲಿ ಬೇರೆ ನೋಂದಣಿ. ಎರಡಕ್ಕೂ ಹಾಕು. ಎಂಸಿಸಿಯಲ್ಲಿ ಡೀಮ್ಡ್ (ಸ್ವಂತ ವಿಶ್ವವಿದ್ಯಾಲಯದ ಮಾನ್ಯತೆ ಇರುವ) ಕಾಲೇಜು ಆರಿಸಿದರೆ ₹2 ಲಕ್ಷ ಠೇವಣಿ ಕಟ್ಟಬೇಕು, ನಿನಗೆ ಅದು ಬೇಡ.

ಆಪ್ಷನ್ ಹಾಕುವಾಗ ಸಿಗುತ್ತದೋ ಇಲ್ಲವೋ ಅಂತ ಯೋಚಿಸಬೇಡ. ನಿನಗೆ ಇಷ್ಟವಾದ ಕ್ರಮದಲ್ಲೇ ಹಾಕು. ಒಂದು ಸಿಕ್ಕಿತು ಅಂದರೆ ಅದರ ಕೆಳಗಿನದೆಲ್ಲ ಹೋಗುತ್ತದೆ, ಮೇಲಿನದು ಮಾತ್ರ ಉಳಿಯುತ್ತದೆ. ಸಿಕ್ಕ ಸೀಟನ್ನು ಇಟ್ಟುಕೊಂಡು ಮೇಲಿನದಕ್ಕೂ ಕಾಯಬೇಕು ಅಂದರೆ ಚಾಯ್ಸ್ 2. ಮೂರು ಒತ್ತಿದರೆ ಸೀಟು ಕೈಬಿಟ್ಟ ಹಾಗೆ.

ವಿಜಯನಗರದ ಹುಡುಗಿ · ಜೂನ್ 15

ಬೆಂಗಳೂರು, ಮೈಸೂರು, ಆಮೇಲೆ ಹಾಸನ, ಮಂಡ್ಯ, ಶಿವಮೊಗ್ಗ ಅಂದುಕೊಂಡಿದ್ದೇನೆ. ಚಿಕ್ಕಮ್ಮ ದೂರ ಬೇಡ ಅನ್ನುತ್ತಾರೆ. ಹುಬ್ಬಳ್ಳಿ, ಬಳ್ಳಾರಿ ಎಲ್ಲಿ ಹಾಕಲಿ?

ವಾಣಿವಿಲಾಸ ವಾರ್ಡ್ · ಜೂನ್ 15

ಹುಬ್ಬಳ್ಳಿಯನ್ನು ಮೈಸೂರಿನ ಕೆಳಗೇ ಹಾಕು ತಂಗಿ. ದೊಡ್ಡ ಆಸ್ಪತ್ರೆ, ಸುತ್ತಲಿನ ಜಿಲ್ಲೆಗಳ ಜನ ಅಲ್ಲಿಗೇ ಬರುತ್ತಾರೆ. ನೋಡಲು, ಕಲಿಯಲು ಸಿಗುವುದು ಜಾಸ್ತಿ. ಬಳ್ಳಾರಿಯೂ ಹಳೆಯ ಕಾಲೇಜು, ಮಂಡ್ಯಕ್ಕಿಂತ ಮೇಲೆ ಇಟ್ಟರೆ ತಪ್ಪಿಲ್ಲ. ರಾತ್ರಿ ಟ್ರೈನ್ ಇದೆ ಅಂತ ಚಿಕ್ಕಮ್ಮನಿಗೆ ಹೇಳು. ಪೂರ್ತಿ ಪಟ್ಟಿ ಮಾಡಿ ಇಲ್ಲೇ ಹಾಕು, ಪ್ರಾಯೋಗಿಕ ಹಂಚಿಕೆ ಅಂದರೆ ಮಾಕ್ ಅಲಾಟ್‌ಮೆಂಟ್ ಬರುವುದರೊಳಗೆ ಎಲ್ಲರೂ ಕೂತು ನೋಡೋಣ.